ಒಂದು ಗುಲಗಂಜಿ ತೂಕದ ಬೆಳಕು

ಮಸ್ಕಿಯ ಅಮರಗುಂಡಪ್ಪನವರ ಬೆಳ್ಳಿ-ಬಂಗಾರದ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇತ್ತು. ಅದರ ಮುಂದೆ ಯಾರೂ ಜೋರಾಗಿ ಉಸಿರು ಬಿಡುವಂತಿರಲಿಲ್ಲ. ಸೀನು ಬಂದ ಗಿರಾಕಿ ರಸ್ತೆಗೆ ಹೋಗಿ ಸೀನಿ ಬರಬೇಕಿತ್ತು. ಇಂಥ ತಕ್ಕಡಿಯಲ್ಲಿ ಅವರ ಮಗಳು ಶೇಖರಮ್ಮ ೧೯೮೮ರ ಮಳೆಗಾಲದಿಂದ ಭಾನುವಾರ ಬಂತೆಂದರೆ ಕಾಗದ ತೂಗತೊಡಗಿದಳು. ಊರಿಗೆ ಸುದ್ದಿ ಹಬ್ಬಲು ತಡವಾಗಲಿಲ್ಲ. ಓದಿ ಓದಿ ತಲೆ ಕೆಟ್ಟಿದೆ ಎಂದು ಕೆಲವರು, ಲಗ್ನವಾಗಿಲ್ಲವಲ್ಲ ಅದಕ್ಕೇ ಎಂದು ಇನ್ನು ಕೆಲವರು. ಕಾರಣ ಕೊಡುವುದರಲ್ಲಿ ನಮ್ಮ ಊರುಗಳು ಎಂದೂ ಹಿಂದೆ ಬಿದ್ದಿಲ್ಲ.

"ಭಂಗಾರ ಕುಂದ್ರೋ ತಟ್ಟ್ಯಾಗ ರದ್ದಿ ಕುಂದ್ರಸ್ತಿ. ಲಕ್ಷ್ಮಿ ಸಿಟ್ಟಾಗ್ತಾಳ ಶೇಖರವ್ವ," ಎಂದು ಅಮರಗುಂಡಪ್ಪ ಗೊಣಗುತ್ತಿದ್ದರು.

"ರದ್ದಿ ಅಲ್ಲಪಾ, ಇವು ಚುಕ್ಕಿ."

"ಚುಕ್ಕಿ ಆದ್ರ ಮ್ಯಾಲ ಇರ್ಲಿ. ಇಲ್ಲೇನೈತಿ ಅವುಕ್ಕ ಕೆಲಸ?"

ಹಾಗೆ ಅನ್ನುತ್ತಲೇ ತಟ್ಟೆಯನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಮಗಳಿಗೆ ಜಾಗ ಬಿಡುತ್ತಿದ್ದರು. ಬೇರೆ ಯಾರಿಗೂ ಬಿಡುತ್ತಿರಲಿಲ್ಲ.

ಶೇಖರಮ್ಮ ಸಿಂಧನೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ವಾರವಿಡೀ ಅಲ್ಲೊಂದು ಬಾಡಿಗೆ ಕೋಣೆ, ಶನಿವಾರ ಸಂಜೆ ಲಿಂಗಸುಗೂರಿನ ಬಸ್ಸು ಹಿಡಿದು ಮಸ್ಕಿ. ವಯಸ್ಸು ಮೂವತ್ತು ದಾಟಿತ್ತು. ಪಾಠದ ಜೊತೆಗೆ ಪಿಎಚ್.ಡಿ.ಗೂ ಹೆಸರು ನೋಂದಾಯಿಸಿ ಕೆಲವು ವರ್ಷಗಳಾಗಿದ್ದವು. ಅವಳು ಹಿಡಿದಿದ್ದ ವಿಷಯ ಮಾತ್ರ ಸಿಂಧನೂರಿನಲ್ಲಿ ಯಾರಿಗೂ ಬೇಕಾದದ್ದಾಗಿರಲಿಲ್ಲ.

ದೂರದಲ್ಲಿ, ಬೆಳಕು ಬಂದು ತಲುಪಲಿಕ್ಕೇ ಕೋಟಿಗಟ್ಟಲೆ ವರ್ಷ ಹಿಡಿಯುವಷ್ಟು ದೂರದಲ್ಲಿ, ಕೆಲವು ಗೆಲಾಕ್ಸಿಗಳಿವೆ. ಅಲ್ಲಿ ಹೊಸ ನಕ್ಷತ್ರಗಳು ಗುಂಪುಗುಂಪಾಗಿ ಹುಟ್ಟುತ್ತಿರುತ್ತವೆ. ಹೀಗಾಗಿ ಅವು ಝಗಮಗಿಸುತ್ತವೆ. ಅಂಥ ಗೆಲಾಕ್ಸಿಯ ನಟ್ಟನಡುವೆ ಒಂದು ಕಪ್ಪುಕುಳಿ ಕೂತು ಸುತ್ತಲ ಅನಿಲವನ್ನು ನುಂಗುತ್ತಿದ್ದರೆ, ಒಳಗೆ ಬೀಳುವ ಅನಿಲ ಕಾದು ಬೆಳಗುತ್ತದೆ. ತಿನ್ನುವುದು ಜೋರಾಗಿದ್ದರೆ ಆ ಬೆಳಕು ಯಾರಿಗಾದರೂ ಕಾಣುತ್ತದೆ. ಒಂದೊಂದೇ ತುತ್ತು ತಿನ್ನುವ ಬಡ ಕಪ್ಪುಕುಳಿಯದ್ದೇ ಕಷ್ಟ. ಅದರ ಬೆಳಕು ಎಳೆಯ ನಕ್ಷತ್ರಗಳ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಮದುವೆ ಮನೆಯ ಗ್ಯಾಸ್‌ಲೈಟುಗಳ ನಡುವೆ ಯಾರೋ ಬೀಡಿ ಹಚ್ಚಿದ್ದಾರೆಯೇ ಎಂದು ಮುಂದಿನ ಊರಿನಿಂದ ನೋಡಿ ಹೇಳುವಂಥ ಕೆಲಸ ಅದು. ಶೇಖರಮ್ಮ ಆ ಬೀಡಿಯನ್ನು ಹುಡುಕುತ್ತಿದ್ದಳು.

ಹುಡುಕಲು ಅವಳ ಬಳಿ ದೂರದರ್ಶಕ ಇರಲಿಲ್ಲ. ತಮಿಳುನಾಡಿನ ಗುಡ್ಡದ ಮೇಲಿನ ಒಂದು ವೀಕ್ಷಣಾಲಯದಲ್ಲಿ ಬೇರೆಯವರು ಬೇರೆ ಯಾವುದಕ್ಕೋ ನೋಡಿ ಬಿಟ್ಟ ಹತ್ತೊಂಬತ್ತು ಗೆಲಾಕ್ಸಿಗಳ ವರ್ಣಪಟಲಗಳು ಅವಳಿಗೆ ಸಿಕ್ಕಿದ್ದವು. ವರ್ಣಪಟಲವೆಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟಿದೆ ಎಂದು ಕಾಗದದ ಮೇಲೆ ಗೆರೆಯೆಳೆದದ್ದು. ಹೈಡ್ರೋಜನ್ನಿನ ಕೆಂಪು ಬಣ್ಣ ಬಂದಲ್ಲಿ ಆ ಗೆರೆ ಚೂಪಾದ ಗುಡ್ಡದಂತೆ ಏಳುತ್ತದೆ. ನಡುವೆ ಕಪ್ಪುಕುಳಿ ಇದ್ದರೆ ಅದರ ಸುತ್ತ ಅನಿಲ ಹುಚ್ಚು ವೇಗದಲ್ಲಿ ತಿರುಗುವುದರಿಂದ ಗುಡ್ಡದ ಬುಡ ಸ್ವಲ್ಪ ಅಗಲವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸ್ವಲ್ಪ. ಅದನ್ನು ಅಳೆಯಬಲ್ಲ ಕಂಪ್ಯೂಟರ್ ವಿಶ್ವವಿದ್ಯಾಲಯದಲ್ಲಿತ್ತು, ಅದರ ಮುಂದೆ ಪಾಳಿಯೂ ಇತ್ತು. ಕಾಯುವ ತಾಳ್ಮೆ ಶೇಖರಮ್ಮನಿಗಿರಲಿಲ್ಲ. ಗುಡ್ಡವನ್ನು ಒಳ್ಳೆಯ ಕಾಗದದ ಮೇಲೆ ನಕಲಿಳಿಸಿ, ಕತ್ತರಿಯಿಂದ ಕತ್ತರಿಸಿ, ತೂಗಿದಳು. ಹರವು ಹೆಚ್ಚಿದ್ದರೆ ತೂಕವೂ ಹೆಚ್ಚು. ಆಮೇಲೆ, ಬರೀ ನಕ್ಷತ್ರಗಳೇ ಇದ್ದಿದ್ದರೆ ಅದೇ ಎತ್ತರದ ಗುಡ್ಡ ಹೇಗಿರುತ್ತಿತ್ತು ಎಂದು ಲೆಕ್ಕ ಹಾಕಿ, ಅದನ್ನೂ ಬರೆದು, ಕತ್ತರಿಸಿ, ತೂಗಿದಳು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ಕಪ್ಪುಕುಳಿ.

ಗೆಲಾಕ್ಸಿಗಳ ಗುಡ್ಡಗಳನ್ನು ಸಿಂಧನೂರಿನ ಕಾಲೇಜಿನಲ್ಲಿ, ಪಾಠವಿಲ್ಲದ ವೇಳೆ, ರಸಾಯನಶಾಸ್ತ್ರದವರ ತಕ್ಕಡಿಯಲ್ಲಿ ತೂಗುತ್ತಿದ್ದಳು. ಲೆಕ್ಕದ ಕೆಲಸಕ್ಕೆ ಮನೆಯ ನೆಮ್ಮದಿ ಬೇಕಿತ್ತು. ಆದ್ದರಿಂದ ನಕ್ಷತ್ರಗಳ ಗುಡ್ಡಗಳು ಮಸ್ಕಿಯಲ್ಲಿ ತಯಾರಾಗಿ ಅಲ್ಲೇ ಅಪ್ಪನ ತಕ್ಕಡಿಗೆ ಏರುತ್ತಿದ್ದವು. ಎರಡು ತಕ್ಕಡಿ ಎಂದಮೇಲೆ ಅನುಮಾನ ಬರಬೇಕಲ್ಲ, ಬಂತು. ಅವಳು ಬಂಗಾರದಂಗಡಿಯ ಮಗಳು. ಅಪ್ಪನ ಹಿತ್ತಾಳೆಯ ತೂಕದ ಬಟ್ಟುಗಳನ್ನು ಕರವಸ್ತ್ರದಲ್ಲಿ ಸುತ್ತಿ ಸಿಂಧನೂರಿಗೆ ಒಯ್ದು ಅಲ್ಲಿಟ್ಟು ನೋಡಿದಳು. ಕೂದಲೆಳೆ ವ್ಯತ್ಯಾಸವಿರಲಿಲ್ಲ. ತಕ್ಕಡಿಗಳು ಸಾಚಾ ಎಂದು ಖಾತ್ರಿಯಾದ ಮೇಲೆ ಅವಳು ನಿಶ್ಚಿಂತಳಾದಳು.

ದೀಪಾವಳಿಯ ಹೊತ್ತಿಗೆ ಫಲ ಕೈಗೆ ಬಂತು. ಹತ್ತೊಂಬತ್ತರಲ್ಲಿ ಹೆಚ್ಚುಕಡಿಮೆ ಎಲ್ಲ ಗೆಲಾಕ್ಸಿಗಳೂ ತಮ್ಮ ನಕ್ಷತ್ರಗಳಿಗಿಂತ ನೂರಕ್ಕೆ ನಾಲ್ಕು ಪಾಲು ಭಾರವಾಗಿದ್ದವು. ಅಂದರೆ ಅವೆಲ್ಲದರಲ್ಲೂ ಕಪ್ಪುಕುಳಿ. ಜನವರಿಯಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅವಳು ಇದನ್ನು ಹೇಳಿದಾಗ ದೊಡ್ಡವರು ತಿರುಗಿ ನೋಡಿದರು. ಗುಡ್ಡದ ಮೇಲಿನ ವೀಕ್ಷಣಾಲಯದ ಸಮಿತಿ ಮುಂದಿನ ವರ್ಷದ ಫೆಬ್ರವರಿಯಲ್ಲಿ ದೊಡ್ಡ ದೂರದರ್ಶಕದ ಮೂರು ರಾತ್ರಿಗಳನ್ನು ಅವಳಿಗೆ ಮಂಜೂರು ಮಾಡಿತು.

ಈ ಮೂರು ರಾತ್ರಿ ಅವಳಿಗೆ ಏನಾಗಿತ್ತು ಎಂಬುದನ್ನು ಹೇಳಲೇಬೇಕು. ಇಷ್ಟು ವರ್ಷ ಅವಳು ಬೇರೆಯವರು ನೋಡಿ ಬಿಟ್ಟ ಆಕಾಶದಲ್ಲಿ ಬದುಕಿದ್ದಳು. ಯಾವ ಗೆಲಾಕ್ಸಿಯನ್ನೂ ಅವಳು ತಾನಾಗಿ ಆರಿಸಿ, ತಾನು ನಿಂತು, ತನಗೆ ಬೇಕಾದಷ್ಟು ಹೊತ್ತು ನೋಡಿರಲಿಲ್ಲ. ದೊಡ್ಡ ದೂರದರ್ಶಕವನ್ನು ಚಿತ್ರದಲ್ಲಷ್ಟೇ ಕಂಡಿದ್ದಳು. ಮದುವೆ, ಬಡ್ತಿ, ಡಿಗ್ರಿ ಯಾವುದಕ್ಕೂ ಅವಳು ಹೀಗೆ ಆಸೆಪಟ್ಟವಳಲ್ಲ. ಗುಡ್ಡದ ಮೇಲೆ ಚಳಿ ಎಂದು ಯಾರೋ ಹೇಳಿದ್ದಕ್ಕೆ ರಾಯಚೂರಿನಿಂದ ಸ್ವೆಟರ್ ತರಿಸಿ, ಮಾರ್ಚಿನ ಮಸ್ಕಿಯ ಬಿಸಿಲಿನಲ್ಲಿ ತೊಟ್ಟು ನೋಡಿ, ಬೆವರಿ ತೆಗೆದಿಟ್ಟಳು.

ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆಯಿತು. ಪ್ರತಿ ವರ್ಷ ಆಗುವುದೇ. ತುಂಗಭದ್ರೆಯ ನೀರು ನಿಂತಿತು, ಗದ್ದೆಗಳು ಬಿರಿದವು, ಕಾಲುವೆಯ ತಳದಲ್ಲಿ ಎಮ್ಮೆಗಳು ಅಡ್ಡಾಡಿದವು. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು. ಪ್ರಬಂಧಕ್ಕೆ ಅಂಟಿಸಬೇಕೆಂದು ತೆಗೆದ ಒಂದು ಗುಡ್ಡದ ತುದಿ ಹರಿದಿದ್ದರಿಂದ ಶೇಖರಮ್ಮ ಅದನ್ನು ಹೊಸದಾಗಿ ಕತ್ತರಿಸಿ ಅದೇ ರಸಾಯನಶಾಸ್ತ್ರದ ತಕ್ಕಡಿಯಲ್ಲಿಟ್ಟಳು. ತೂಕ ಕಡಿಮೆ ಬಂತು. ಕತ್ತರಿ ಜಾರಿರಬೇಕೆಂದು ಹಳೆಯ ಇನ್ನೊಂದನ್ನು ಇಟ್ಟಳು. ಅದೂ ಕಡಿಮೆ. ಹಿತ್ತಾಳೆ ಬಟ್ಟಿಟ್ಟಳು, ಸರಿಯಾಗಿತ್ತು. ಮತ್ತೊಂದು, ಮಗದೊಂದು. ಒಂದೊಂದಾಗಿ ಎಲ್ಲ ಗೆಲಾಕ್ಸಿಗಳೂ ಇಳಿದಿದ್ದವು.

ಪ್ರಯೋಗಶಾಲೆಯ ಕಿಟಕಿಯ ಆಚೆಗೆ ಒಂದು ಅಕ್ಕಿ ಗಿರಣಿಯ ಅಂಗಳ. ಬೇಸಿಗೆ ಬೆಳೆಯ ಭತ್ತ ಬಂದು ಬೀಳುತ್ತಿತ್ತು. ಮಾಳಿಂಗಪ್ಪನೆಂಬ ರೈತನ ಚೀಲದಿಂದ ದಲಾಲಿಯೊಬ್ಬ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡು ಕಡಿದ.

"ಇನ್ನಾ ಹಸಿ ಐತಿ ಮಾಳಿಂಗಪ್ಪ. ನಾಕು ದಿನ ಬಿಸಲಿಗೆ ಹಾಕಿ ತಗೊಂಡು ಬಾ."

"ಒಣಗ್ಯಾವ್ರೀ ಸಾವ್ಕಾರ್ರ. ತೂಕ ಮಾಡ್ರಿ."

"ನೀರು ತೂಗಿ ನಾ ಏನು ಮಾಡ್ಲೋ?"

ಶೇಖರಮ್ಮ ಇದನ್ನು ಕೇಳಿದಳು. ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟಳು.

ಕಾಗದ ನೀರು ಕುಡಿಯುತ್ತದೆ. ಮಳೆಗಾಲದ ಸಿಂಧನೂರಿನಲ್ಲಿ, ನಾಲ್ಕೂ ಕಡೆ ನೀರು ನಿಂತ ಗದ್ದೆಗಳ ನಡುವೆ, ಗಾಳಿಯಲ್ಲೇ ತೇವ. ಅಲ್ಲಿ ತೂಗಿದ ಕಾಗದ ಆ ತೇವವನ್ನು ಕುಡಿದು ಭಾರವಾಗಿತ್ತು. ಕಾಲುವೆ ಕಾಣದ ಮಸ್ಕಿಯ ಒಣಗಾಳಿಯಲ್ಲಿ ತೂಗಿದ್ದು ಹಗುರಾಗಿತ್ತು. ಭತ್ತದ ವ್ಯಾಪಾರಿಯ ಮಗಳಾಗಿದ್ದರೆ ಮೊದಲ ವಾರವೇ ಕಾಗದವನ್ನು ಅನುಮಾನಿಸುತ್ತಿದ್ದಳು. ಬಂಗಾರದ ವ್ಯಾಪಾರಿಯ ಮಗಳು ತಕ್ಕಡಿಯನ್ನು ಅನುಮಾನಿಸಿದಳು, ಬಟ್ಟನ್ನು ಅನುಮಾನಿಸಿದಳು. ಇಟ್ಟ ಮಾಲು ಇದ್ದಕ್ಕಿದ್ದಂತೆ ತೂಕ ಏರಿಸಿಕೊಳ್ಳುತ್ತದೆ ಎಂಬುದು ಅವಳು ಬೆಳೆದ ಅಂಗಡಿಯಲ್ಲಿ ಇಲ್ಲದ ಮಾತು. ಬಂಗಾರಕ್ಕೆ ಬಾಯಾರಿಕೆ ಇಲ್ಲ.

ಆ ಸಂಜೆ ಕೋಣೆಯಲ್ಲಿ ಒದ್ದೆ ಟವೆಲಿನ ಪಕ್ಕದಲ್ಲಿ ಒಂದು ಗುಡ್ಡವನ್ನಿಟ್ಟು ಮರುದಿನ ತೂಗಿದಳು. ನೂರಕ್ಕೆ ನಾಲ್ಕು ಪಾಲು ಏರಿತ್ತು. ಸಮ್ಮೇಳನದಲ್ಲಿ ದೊಡ್ಡವರು ತಿರುಗಿ ನೋಡಿದ ಕಪ್ಪುಕುಳಿಗಳು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಾಗಿದ್ದವು.

ಪಿಎಚ್.ಡಿ.ಯ ಮಾರ್ಗದರ್ಶಕರು ಇದನ್ನು ಕೇಳಿ, ಸದ್ಯಕ್ಕೆ ಬಾಯಿ ಬಿಡುವುದು ಬೇಡ ಎಂದರು. ಮೂರು ರಾತ್ರಿ ಕೈಯಲ್ಲಿವೆ, ಇದೆಯೋ ಇಲ್ಲವೋ ದೂರದರ್ಶಕವೇ ಹೇಳಲಿ. ಅದು ತೀರಾ ತಪ್ಪು ಮಾತೇನಲ್ಲ. ಎಷ್ಟೋ ಜನ ಹಾಗೆಯೇ ಮಾಡುತ್ತಾರೆ. ಆದರೆ ಆ ರಾತ್ರಿಗಳಿಗಾಗಿ ಬೇರೆಯವರೂ ಕಾದಿದ್ದರು. ಸುಳ್ಳು ತೂಕ ತೋರಿಸಿ ಪಡೆದದ್ದನ್ನು ಇಟ್ಟುಕೊಳ್ಳುವುದನ್ನು ಅವಳ ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ತಾನೇ ಸಮಿತಿಗೆ ತಿಳಿಸಿದಳು. ಅಧ್ಯಕ್ಷರು ಒಳ್ಳೆಯ ಮನುಷ್ಯ. ಮೇ ಮುಗಿಯುವುದರೊಳಗೆ ಹತ್ತೊಂಬತ್ತರಲ್ಲಿ ಯಾವುದಾದರೂ ಒಂದನ್ನು ಸರಿಯಾದ ಆಧಾರದ ಮೇಲೆ ಹೆಸರಿಸಿದರೆ ರಾತ್ರಿಗಳು ನಿಮ್ಮವೇ, ಇಲ್ಲದಿದ್ದರೆ ಪಾಳಿಯಲ್ಲಿರುವ ಮುಂದಿನವರಿಗೆ, ಎಂದು ಹೇಳಿ ಕಳಿಸಿದರು.

ಬೇಸಿಗೆ ರಜೆಗೆ ಮಸ್ಕಿಗೆ ಬಂದವಳು ಎಲ್ಲವನ್ನೂ ಹೊಸದಾಗಿ ಶುರುಮಾಡಿದಳು. ಒಂದೇ ಕಟ್ಟಿನ ಕಾಗದ, ಒಂದೇ ಕೋಣೆ. ಎಡತಟ್ಟೆಯಲ್ಲಿ ಗೆಲಾಕ್ಸಿ, ಬಲತಟ್ಟೆಯಲ್ಲಿ ಅದರ ನಕ್ಷತ್ರಗಳು, ಎರಡೂ ಏಕಕಾಲಕ್ಕೆ. ಹೀಗಾದರೆ ತೇವ ಎಷ್ಟಿದ್ದರೂ ಎರಡೂ ಕಡೆ ಒಂದೇ. ಅಂಗಡಿ ತೆರೆಯುವ ಮೊದಲು, ಗಿರಾಕಿಗಳು ಊಟಕ್ಕೆ ಹೋದಾಗ, ತಕ್ಕಡಿ ಖಾಲಿ ಸಿಕ್ಕಾಗಲೆಲ್ಲ ತೂಗಿದಳು. ಮುಳ್ಳು ನಡುವೆ ನಿಂತಿತು. ಅತ್ತಿತ್ತ ಅಲುಗಿದರೂ ಅದು ತಕ್ಕಡಿ ಹೇಳಬಲ್ಲದ್ದಕ್ಕಿಂತ ಕಡಿಮೆ. ಒಂದೊಂದಾಗಿ ಹತ್ತೊಂಬತ್ತೂ ಹಾಗೆಯೇ.

"ಏನೂ ಇಲ್ಲೇನು?" ಎಂದರು ಅಮರಗುಂಡಪ್ಪ. ಅವರಿಗೆ ಈಗ ಕಾಗದದ ಮೇಲಿನ ಸಿಟ್ಟು ಹೋಗಿ ಮಗಳ ಮುಖದ ಚಿಂತೆ ಹತ್ತಿತ್ತು.

"ಇಲ್ಲಪಾ."

ಬೆಳ್ಳಿ-ಬಂಗಾರದ ಅಂಗಡಿಗೆ ಹೆಂಗಸರು ಚೂರುಪಾರು ತರುವುದುಂಟು. ಮುರಿದ ಮೂಗುತಿಯ ಕಡ್ಡಿ, ಬೋರಮಾಳದ ಒಡೆದ ಗುಂಡು, ಸರದ ಒಂದು ಕೊಂಡಿ. ಅಂಥದ್ದನ್ನು ಒಂದೊಂದಾಗಿ ಇಟ್ಟರೆ ತಕ್ಕಡಿ ಜಪ್ಪೆನ್ನುವುದಿಲ್ಲ. ಯಾವ ಅಂಗಡಿಯವನೂ ಒಂದೊಂದಾಗಿ ಇಡುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಸುರಿದು ತೂಗುತ್ತಾನೆ. ಶೇಖರಮ್ಮ ಇದನ್ನು ಅಂಬೆಗಾಲಿಡುವಾಗಿನಿಂದ ನೋಡಿದ್ದಳು. ಒಂದು ಮಧ್ಯಾಹ್ನ, ಕತ್ತರಿಸಿದ್ದನ್ನೆಲ್ಲ ಎತ್ತಿಡುವ ಮೊದಲು, ಗೆಲಾಕ್ಸಿಗಳನ್ನೆಲ್ಲ ಒಂದರ ಮೇಲೊಂದು ಎಡತಟ್ಟೆಗೆ ಪೇರಿಸಿದಳು. ನಕ್ಷತ್ರಗಳ ಗುಡ್ಡಗಳನ್ನೆಲ್ಲ ಬಲತಟ್ಟೆಗೆ. ಗಾಜಿನ ಬಾಗಿಲು ಇಳಿಸಿದಳು.

ಎಡತಟ್ಟೆ ಮೆಲ್ಲಗೆ ಇಳಿಯಿತು.

ಅದಲುಬದಲು ಮಾಡಿದಳು. ಈಗ ಬಲತಟ್ಟೆ ಇಳಿಯಿತು. ಅಪ್ಪ ಬಂಗಾರ ತೂಗಲು ಡಬ್ಬಿಯಲ್ಲಿಟ್ಟಿದ್ದ ಕೆಂಪು ಗುಲಗಂಜಿ ಕಾಳೊಂದನ್ನು ತೆಗೆದು ನಕ್ಷತ್ರಗಳ ಕಡೆಗೆ ಇಟ್ಟಳು. ಮುಳ್ಳು ನಡುವೆ ಬಂದು ನಿಂತಿತು.

ಕತ್ತರಿ ಒಮ್ಮೆ ಧಾರಾಳಿ, ಒಮ್ಮೆ ಜಿಪುಣ. ಒಂದು ಗುಡ್ಡದಲ್ಲಿ ಅದರ ತಪ್ಪು ನಿಜಕ್ಕಿಂತ ದೊಡ್ಡದು. ಹತ್ತೊಂಬತ್ತು ಸೇರಿದಾಗ ಧಾರಾಳತನವನ್ನು ಜಿಪುಣತನ ತಿಂದುಹಾಕುತ್ತದೆ. ನಿಜವಾಗಿ ಇದ್ದದ್ದು ಮಾತ್ರ ಹಾಗೆ ತಿನ್ನಿಸಿಕೊಳ್ಳದೆ ಉಳಿಯುತ್ತದೆ. ಮುಂದೆ ದೊಡ್ಡ ಊರುಗಳಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಮಾಡತೊಡಗಿದರು. ಅವಳು ಎಲ್ಲವನ್ನೂ ಮತ್ತೆ ಕತ್ತರಿಸಿದಳು, ಮತ್ತೆ ಪೇರಿಸಿದಳು. ಬೆರಳ ಗೆಣ್ಣುಗಳು ಬಾತವು. ಪ್ರತಿ ಸಲ ಒಂದು ಗುಲಗಂಜಿ, ತುಸು ಹೆಚ್ಚು, ತುಸು ಕಡಿಮೆ.

ಅಮರಗುಂಡಪ್ಪ ಕನ್ನಡಕ ಹಾಕಿಕೊಂಡು ಮುಳ್ಳನ್ನು ನೋಡಿದರು. ಅವರ ಮಟ್ಟಿಗೆ ಗುಂಜಿ ಎಂದರೆ ಗುಂಜಿ, ಅದರಲ್ಲಿ ಚರ್ಚೆ ಇಲ್ಲ.

"ಐತಲ್ಲ ಮತ್ತ. ಯಾವುದರಾಗ ಐತಿ?"

"ಗೊತ್ತಿಲ್ಲಪಾ. ಎರಡರಾಗ ಇರಬಹುದು, ಹತ್ತರಾಗ ಇರಬಹುದು. ಎಲ್ಲಾ ಸೇರಿಸಿದ್ರ ಐತಿ."

"ಹಟ್ಟಿ ಭಂಗಾರದ ಗಣ್ಯಾಗೂ ಹಂಗ. ಯಾವ ಕಲ್ಲಾಗ ಐತಿ ಅಂತ ಯಾರು ನೋಡ್ತಾರ? ಎಲ್ಲಾ ಕುಟ್ತಾರ."

ಹಟ್ಟಿಯವರಿಗೆ ಕುಟ್ಟುವ ಸೌಲಭ್ಯವಿತ್ತು. ಅವಳು ಗುಂಪನ್ನು ಅರ್ಧರ್ಧ ಮಾಡಿ ತೂಗಿದಳು, ಎಲ್ಲಿದೆ ಎಂದು ಹಿಡಿಯಲು. ಮುಳ್ಳು ಒಂದು ದಿನ ಈ ಅರ್ಧ ಎಂದಿತು, ಮರುದಿನ ಆ ಅರ್ಧ ಎಂದಿತು. ಹೊಸ ಕಾಗದ ಕತ್ತರಿಸಿದಾಗಲೆಲ್ಲ ಹೊಸ ಹೆಸರು. ಇಷ್ಟರಲ್ಲಿ ಮೇ ತಿಂಗಳು ಮುಗಿಯಲು ಬಂತು.

ಬಿರುಗಾಳಿಗೆ ಕಂಬ ಬಿದ್ದು ಮಸ್ಕಿಯ ಫೋನು ಸತ್ತಿತ್ತು. ಅವಳು ಬಸ್ಸಿನಲ್ಲಿ ಲಿಂಗಸುಗೂರಿನ ಟೆಲಿಫೋನ್ ಕಚೇರಿಗೆ ಹೋಗಿ ವೀಕ್ಷಣಾಲಯಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತಳು. ಅಲ್ಲಿಯ ಆಪರೇಟರ್ ಗೌಸ್‌ಸಾಬ್ ವಯಸ್ಸಾದವನು. ತಾಲ್ಲೂಕಿನ ಅರ್ಧ ಸಾವು, ಅರ್ಧ ಹೆರಿಗೆಗಳು ಅವನ ಕಿವಿಯ ಮೂಲಕವೇ ದಾಟಿ ಹೋಗಿದ್ದವು. ಮಧ್ಯಾಹ್ನ ಎರಡರ ಸುಮಾರಿಗೆ ಲೈನು ಸಿಕ್ಕಿತು.

ಅಧ್ಯಕ್ಷರು ಮೈಸೂರು ಕಡೆಯವರು. ಅವಳು ಜೋರು ದನಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಅವರು ಅರ್ಧದಲ್ಲೇ ಹಿಡಿದುಕೊಂಡರು.

"ಒಟ್ಟಿಗೆ ಇಟ್ಟು ತೂಗಿದ್ರಾ? ಚೆನ್ನಾಗಿದೆ. ನನಗೇನೋ ಇದು ನಿಜ ಅನ್ಸುತ್ತೆ. ಆದ್ರೆ ಶೇಖರಮ್ಮ, ನಮ್ಮ ದೂರದರ್ಶಕ ಒಂದು ಸಲಕ್ಕೆ ಒಂದನ್ನೇ ನೋಡೋದು. ಇಷ್ಟು ಮಂಕು ಬೆಳಕು ಅಂದ್ರೆ ಮೂರು ರಾತ್ರಿ ಒಂದಕ್ಕೇ ಬೇಕು. ಯಾವುದರ ಕಡೆ ತಿರುಗಿಸೋಣ?"

"ಗೊತ್ತಿಲ್ರೀ ಸರ್."

"ಒಂದು ಹೆಸರು ಹೇಳಿ. ತಪ್ಪಾದ್ರೆ ತಪ್ಪಾಯ್ತು. ಅದೇನು ಅಪರಾಧ ಅಲ್ಲ."

ಅವಳಿಗೆ ಏಳನೆಯದರ ಮೇಲೆ ಪ್ರೀತಿಯಿತ್ತು. ಯಾಕೆಂದು ಹೇಳಲಾಗದು, ಅದರ ಗುಡ್ಡ ಚೆಂದವಾಗಿತ್ತು ಅಷ್ಟೆ. ಅದರ ಅಂಕಿ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಫೆಬ್ರವರಿಯಲ್ಲಿ ಗುಡ್ಡ ಹತ್ತುತ್ತಾಳೆ.

"ಮೂರು ನಿಮಿಷ ಆತ್ರೀ. ಮುಂದುವರಸ್ಲೇನು?" ಎಂದ ಗೌಸ್‌ಸಾಬ್ ನಡುವೆ ಬಂದು.

"ಮುಂದುವರಸ್ರಿ," ಎಂದಳು. ಆಮೇಲೆ ಅಧ್ಯಕ್ಷರಿಗೆ, "ಹೋದ ಸಲಾನೂ ಹೆಸರು ಹೇಳಿದ್ದೆ ಸರ್. ಎಲ್ಲಾ ಕಾಲುವಿ ನೀರಾತು. ಈಗ ಅದಾವ ಅನ್ನೋದು ಗೊತ್ತೈತ್ರಿ. ಯಾವು ಅನ್ನೋದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂದ್ರ, ಗೊತ್ತಿರೋದನ್ನೂ ಯಾರೂ ನಂಬಂಗಿಲ್ರಿ."

ಅಧ್ಯಕ್ಷರು ಮತ್ತೆ ಒತ್ತಾಯಿಸಲಿಲ್ಲ.

"ಹಾಗಾದ್ರೆ ಮುಂದಿನವರಿಗೆ ಕೊಡಬೇಕಾಗುತ್ತೆ."

"ಕೊಡ್ರಿ ಸರ್."

ಗೌಸ್‌ಸಾಬ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅದನ್ನು ಮುಚ್ಚಿಡುವ ಅಗತ್ಯ ಅವನಿಗೆ ಕಾಣಲಿಲ್ಲ.

"ಬಾಯಿಗೆ ಬಂದದ್ದೊಂದು ಹೇಳಿಬಿಡಬೇಕಿಲ್ರೀ ಮೇಡಂ. ಖರೇನೋ ಸುಳ್ಳೋ ಅಷ್ಟು ದೂರ ನೋಡೋರು ಯಾರಿದ್ರು?"

"ನಾನ ಇದ್ದೆನಲ್ರೀ," ಎಂದಳು ಶೇಖರಮ್ಮ.

ಮಸ್ಕಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅತ್ತಳು. ಸದ್ದಿಲ್ಲದೆ ಅಲ್ಲ, ಪಕ್ಕದವರಿಗೆ ಕೇಳುವಂತೆಯೇ ಅತ್ತಳು. ಸರಿಯಾದದ್ದನ್ನು ಮಾಡಿದೆನೆಂಬ ಸಮಾಧಾನ ಆಗ ಅವಳಲ್ಲಿ ಇರಲಿಲ್ಲ. ಆ ಮೂರು ರಾತ್ರಿ ಅವಳಿಗೆ ಬೇಕಾಗಿದ್ದವು, ಅವು ಹೋದವು. ಕಂಡಕ್ಟರ್ ಹತ್ತಿರ ಬಂದು ದನಿ ತಗ್ಗಿಸಿ, "ಯಾರ್ ತೀರಿಕೊಂಡ್ರೀ ಅಕ್ಕಾರ?" ಎಂದು ಕೇಳಿದ. ಯಾರೂ ಇಲ್ಲ ಎಂದು ತಲೆಯಾಡಿಸಿ ಚಿಲ್ಲರೆ ಕೊಟ್ಟಳು. ಅವನು ನಂಬಲಿಲ್ಲ. ಮಸ್ಕಿ ಬರುವವರೆಗೆ ಆ ಸೀಟಿನಲ್ಲಿ ಮತ್ತೊಬ್ಬರನ್ನು ಕೂಡಿಸಲೂ ಇಲ್ಲ.

ಪ್ರಬಂಧದಲ್ಲಿ ಅವಳು ಇದ್ದದ್ದನ್ನು ಇದ್ದಂತೆ ಬರೆದಳು. ಈ ಹತ್ತೊಂಬತ್ತರಲ್ಲಿ ಕೆಲವುಗಳ ನಟ್ಟನಡುವೆ ಮಂಕಾಗಿ ಬೆಳಗುವ ಕಪ್ಪುಕುಳಿಗಳಿವೆ, ಯಾವುವೆಂದು ತಿಳಿಯದು. ಸಿಂಧನೂರಿನಲ್ಲಿ ಕಾಲುವೆಗೆ ನೀರು ಬಂತು, ಮತ್ತೆ ನಾಟಿಯಾಯಿತು, ಮತ್ತೆ ಕೊಯ್ಲಾಯಿತು. ಫೆಬ್ರವರಿ ಬಂದು ಹೋದ ಮೇಲೆ ಅವಳು ಒಂದು ದಿನ ವೀಕ್ಷಣಾಲಯಕ್ಕೆ ಫೋನು ಮಾಡಿ, ಆ ಮೂರು ರಾತ್ರಿ ಗುಡ್ಡದ ಮೇಲೆ ಮೋಡವಿತ್ತೇ ಎಂದು ಕೇಳಿದಳು. ಇರಲಿಲ್ಲ ಎಂದರು. ಮೂರು ರಾತ್ರಿಯೂ ಆಕಾಶ ಶುಭ್ರವಾಗಿತ್ತಂತೆ, ಆ ವರ್ಷದಲ್ಲೇ ಅಷ್ಟು ಒಳ್ಳೆಯ ರಾತ್ರಿಗಳು ಬಂದಿರಲಿಲ್ಲವಂತೆ.